ಚೆಕ್‌ಗೆ ಹನ್ನೊಂದು ಮಾತು

"ಇದನ್ನ ಬರ್ದಿದ್ದು ನೀವೇನಾ ಮೇಡಂ?"

ಕನ್ನಡ ಟೈಪ್‌ರೈಟರಿನ ಮೇಲೆ ಬಗ್ಗಿದ್ದ ಶಿವಲೀಲಾ ತಲೆಯೆತ್ತಿದಳು. ನೀಲಿ ಯೂನಿಫಾರಂ, ಮೊಣಕೈವರೆಗೆ ಮಡಿಸಿದ ತೋಳು, ಆಯಿಲ್ ಮೆತ್ತಿದ ಕೈ. ಆ ಕೈಯಲ್ಲಿ ಅವಳೇ ಟೈಪ್ ಮಾಡಿದ್ದ ಒಂದು ಹಾಳೆ. ಹಾಳೆ ಕೊಳೆಯಾಗದಿರಲೆಂದು ಎರಡೇ ಬೆರಳ ತುದಿಯಲ್ಲಿ ಹಿಡಿದಿದ್ದ.

"ಹೌದ್ರೀ. ಏನಾದ್ರೂ ತಪ್ಪಾಗಿದೆಯೇನ್ರೀ?"

"ಒಂದು ಕಾಗುಣಿತಾನೂ ತಪ್ಪಿಲ್ಲ. ಆದ್ರೆ ನಮ್ ಹನುಮಂತಯ್ಯ ಕ್ಯಾಂಟೀನಲ್ಲಿ ಮುದ್ದೆ ಮುಂದಿಟ್ಕೊಂಡು, ಮುಟ್ದೆ ಕೂತವ್ರೆ."

ಅದು ತೊಂಬತ್ತೈದನೇ ಇಸವಿ. ಪೀಣ್ಯ ಎರಡನೇ ಹಂತದ ಆ ಕಾರ್ಖಾನೆ ಪಂಪುಗಳಿಗೆ ಶಾಫ್ಟ್ ಮಾಡುತ್ತಿತ್ತು. ಹೊರದೇಶಕ್ಕೆ ಮಾಲು ಹೋಗಬೇಕಾದರೆ ಗುಣಮಟ್ಟದ ಐಎಸ್ಒ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಬೇಕಾದರೆ ಪ್ರತಿ ಮೆಷಿನ್ನಿನ ಮುಂದೆ ಕೆಲಸದ ಕ್ರಮ ಬರೆದ ಹಾಳೆ ತೂಗುಹಾಕಿರಬೇಕು, ಅದು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ಸಲ್ಟೆಂಟ್ ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದನ್ನು ಕನ್ನಡಕ್ಕೆ ತರಲು, ದಾವಣಗೆರೆಯಲ್ಲಿ ಬಿ.ಎ. ಮುಗಿಸಿ ಸೀನಿಯರ್ ಟೈಪಿಂಗ್ ಪಾಸಾಗಿದ್ದ ಶಿವಲೀಲಾಳನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು.

ಇಂಗ್ಲಿಷ್ ಹಾಳೆಗಳಲ್ಲಿ ಸಾಲು ಬಿಟ್ಟು ಸಾಲಿಗೆ ಚೆಕ್ ಎಂಬ ಶಬ್ದ. ವೀಲ್ ಚೆಕ್ ಮಾಡು, ಬೇರಿಂಗ್ ಚೆಕ್ ಮಾಡು, ಆಯಿಲ್ ಚೆಕ್ ಮಾಡು. ಶಿವಲೀಲಾ ನಿಘಂಟು ತೆಗೆದು ನೋಡಿ, ಎಲ್ಲ ಕಡೆಯೂ ಒಂದೇ ಸಮನೆ "ಪರಿಶೀಲಿಸತಕ್ಕದ್ದು" ಎಂದು ಕುಟ್ಟಿದ್ದಳು. ಹಾಳೆಗಳು ಸರಕಾರಿ ಸುತ್ತೋಲೆಯಷ್ಟು ಗಂಭೀರವಾಗಿ ಕಾಣುತ್ತಿದ್ದವು.

ಆವತ್ತು ಬೆಳಿಗ್ಗೆ ತಾಲೀಮಿನ ಆಡಿಟ್. ಕನ್ಸಲ್ಟೆಂಟ್ ಬಂದು ಗ್ರೈಂಡಿಂಗ್ ಮೆಷಿನ್ನಿನ ಹನುಮಂತಯ್ಯನಿಗೆ, "ಈ ನಾಲ್ಕನೇ ಸಾಲು ಓದಿ, ನೀವು ಏನ್ ಮಾಡ್ತೀರಿ ಹೇಳಿ" ಎಂದರು. ಹತ್ತೊಂಬತ್ತು ವರ್ಷ ಅದೇ ಮೆಷಿನ್ ಓಡಿಸಿದ ಮನುಷ್ಯ. ಅಕ್ಷರ ಕೂಡಿಸಿ ಕೂಡಿಸಿ ಓದಿದ. ಬೆವರಿದ. ಕೊನೆಗೆ, "ಇದೆಲ್ಲ ಆಫೀಸ್ನೋರು ಮಾಡ್ತಾರೆ ಸಾರ್" ಎಂದುಬಿಟ್ಟ. ಕ್ವಾಲಿಟಿ ಮ್ಯಾನೇಜರ್ ಗುರುರಾಜ್ ಅಲ್ಲಿಯೇ ಹೇಳಿದರು: ನಿಜವಾದ ಆಡಿಟ್ ದಿನ ಇವರನ್ನು ಹಿಂದಿನ ಸ್ಕ್ರ್ಯಾಪ್ ಯಾರ್ಡಿಗೆ ಕಳಿಸಿ, ಕಣ್ಣಿಗೆ ಬೀಳುವುದು ಬೇಡ.

"ಡಿಕ್ಷನರೀಲಿ ಹಾಗೇ ಇದೆ ಕಣ್ರೀ," ಎಂದಳು ಶಿವಲೀಲಾ. ಅವಳ ಮುಖ ಕೆಂಪಾಗಿತ್ತು.

"ಡಿಕ್ಷನರಿ ಗ್ರೈಂಡಿಂಗ್ ಮಾಡಲ್ವಲ್ಲ ಮೇಡಂ." ದನಿಯಲ್ಲಿ ಕೋಪವಿತ್ತು, ಕಣ್ಣಲ್ಲಿರಲಿಲ್ಲ. "ನನ್ ಹೆಸ್ರು ವಸಂತ್, ಲೇತ್ ಓಡ್ಸೋ ಟರ್ನರ್. ಐದು ನಿಮಿಷ ಕೆಳಗಡೆ ಬನ್ನಿ. ಸೀರೆ ಸ್ವಲ್ಪ ಎತ್ತಿ ಹಿಡ್ಕೊಳ್ಳಿ, ನೆಲ ಜಾರ್ತದೆ."

ಕೆಳಗೆ ಶೆಡ್ಡಿನಲ್ಲಿ, ವಸಂತ್ ಕ್ಯಾಂಟೀನಿನಿಂದ ಕರೆತಂದ ಹನುಮಂತಯ್ಯ ಅವಳ ಮುಖ ನೋಡದೆ ಹೊಸ ಗ್ರೈಂಡಿಂಗ್ ವೀಲ್ ಒಂದನ್ನು ಕೈಗೆತ್ತಿಕೊಂಡ. ನಡುವಿನ ತೂತಿಗೆ ಬೆರಳು ತೂರಿಸಿ, ತೂಗುಬಿಟ್ಟು, ಸುತ್ತಿಗೆಯ ಮರದ ಹಿಡಿಯಿಂದ ಮೆತ್ತಗೆ ತಟ್ಟಿದ. ಗುಡಿಯ ಗಂಟೆಯನ್ನು ದೂರದಿಂದ ಕೇಳಿದಂತೆ ನಾದವೊಂದು ಹೊಮ್ಮಿತು.

"ಇದ್ರಾಗೆ ಜೀವ ಐತೆ ಕಣವ್ವ. ಬಿರುಕು ಬಿಟ್ಟಿದ್ರೆ ಲೊಟಕ್ ಅಂತದೆ. ಅಂಗಿದ್ದುದ್ನ ಮೆಷಿನ್ಗೆ ಹಾಕಿದ್ರೆ ಒಡ್ದು ಎದೆಗೇ ಬತ್ತದೆ."

"ದಿನಾ ಹೀಗೆ ತಟ್ತೀರಾ?"

"ಇಲ್ದಿದ್ರೆ ಹತ್ತೊಂಬತ್ ವರ್ಸ ಬದುಕ್ತಿದ್ನಾ?"

ಶಿವಲೀಲಾ ಪೆನ್ನು ತೆಗೆದು ನಾಲ್ಕನೇ ಸಾಲನ್ನು ಹೊಡೆದುಹಾಕಿದಳು. 'ವೀಲ್ ಅನ್ನು ತಟ್ಟಿ, ದನಿ ಕೇಳಿ' ಎಂದು ಬರೆದು ಓದಿದಳು. ಹನುಮಂತಯ್ಯ ಮೊದಲ ಬಾರಿಗೆ ಅವಳ ಮುಖ ನೋಡಿದ. "ಇದಾ ಅದು? ಇದೇ ನಾನ್ ಮಾಡೋದು!"

ಇನ್ನೂ ನಲವತ್ತೆರಡು ಹಾಳೆಗಳಿದ್ದವು. ಆಡಿಟ್‌ಗೆ ಹತ್ತು ದಿನ.

*

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಬ್ಬರೂ ಮೆಷಿನ್ನಿಂದ ಮೆಷಿನ್ನಿಗೆ ಅಲೆದರು. ಚೆಕ್ ಎಂಬ ಪುಟ್ಟ ಶಬ್ದ ಒಂದೊಂದು ಕೈಯಲ್ಲೂ ಒಂದೊಂದು ಕೆಲಸವಾಗುತ್ತಿತ್ತು. ಬೇರಿಂಗ್ ಹತ್ತಿರ ಅದು ಹೊರಗೈ ತಾಗಿಸಿ ಬಿಸಿ ನೋಡುವುದು. ಮೆಷಿನ್ ತಣಿಸುವ ಕೂಲೆಂಟ್ ತೊಟ್ಟಿಯ ಹತ್ತಿರ ಮೂಸಿ ನೋಡುವುದು. ಕೆಲವು ಕಡೆ ಅಳೆಯುವುದು, ಇನ್ನು ಕೆಲವು ಕಡೆ ಅಲುಗಿಸುವುದು, ಬೆಳಕಿಗೆ ಹಿಡಿಯುವುದು, ಎಣಿಸುವುದು.

"ಇದೇನ್ ಮೇಡಂ, ಪರಿಶೀಲನಾ ವಾಲ್ವ್?" ವಸಂತ್ ಒಂದು ಹಾಳೆ ಹಿಡಿದು ನಗತೊಡಗಿದ.

"ಚೆಕ್ ವಾಲ್ವ್ ಅಂತಿತ್ತು."

"ಅಲ್ಲಿ ಚೆಕ್ ಅಂದ್ರೆ ತಡೆಯೋದು. ಮುಂದೆ ಹೋದ ನೀರು ವಾಪಸ್ ಬರ್ದಂಗೆ ತಡೀತದೆ. ಪಾಪ, ಅದು ಯಾರನ್ನೂ ಪರಿಶೀಲ್ಸಲ್ಲ."

ಶಿವಲೀಲಾ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಆ ನಗು ಕೇಳಿ ಲೇತ್‌ಗಳ ಸಾಲಿನಲ್ಲಿ ಎರಡು ತಲೆಗಳು ತಿರುಗಿದವು.

ನಾಲ್ಕನೆಯ ದಿನ ಅವನು ಎರಡು ಶಾಫ್ಟ್‌ಗಳನ್ನು ಅವಳ ಮುಂದಿಟ್ಟ. ಎರಡೂ ಕನ್ನಡಿಯಂತೆ ಹೊಳೆಯುತ್ತಿದ್ದವು.

"ಯಾವುದು ಚೆನ್ನಾಗಿದೆ ಹೇಳಿ. ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ. ಉಗುರು ಎಳೀಬೇಕು."

ಅವಳು ಕಣ್ಣು ಮುಚ್ಚಿದಳು. ಕಿರುಬೆರಳ ಉಗುರನ್ನು ಒಂದರ ಮೇಲೆ ಎಳೆದಳು, ಆಮೇಲೆ ಇನ್ನೊಂದರ ಮೇಲೆ. "ಇದು ಸುಮ್ಮನೆ ಜಾರುತ್ತೆ. ಇದು... ಸಣ್ಣಗೆ ಗುನುಗುತ್ತೆ ಕಣ್ರೀ."

ಕಣ್ಣು ತೆರೆದರೆ, ಅವನು ಶಾಫ್ಟ್ ನೋಡುತ್ತಿರಲಿಲ್ಲ. ಸಿಕ್ಕಿಬಿದ್ದವನಂತೆ ತಟ್ಟನೆ ಬಗ್ಗಿ, ಶುದ್ಧವಾಗಿದ್ದ ಬಟ್ಟೆಯಿಂದ ಶುದ್ಧವಾಗಿದ್ದ ಶಾಫ್ಟನ್ನು ಒರೆಸತೊಡಗಿದ.

"ಜಾರೋದೇ ಚೆನ್ನಾಗಿರೋದು. ಸರೀನಾ?"

"ಹೂಂ. ನಮ್ ಹೊಸ ಹುಡುಗ್ರಿಗೆ ಆರ್ ತಿಂಗ್ಳು ಬೇಕು ಇದಕ್ಕೆ."

ಪ್ಯಾಕಿಂಗ್‌ನ ದೇವಕ್ಕ ಎಲ್ಲವನ್ನೂ ದೂರದಿಂದ ನೋಡುತ್ತಿದ್ದವಳು, ಶಿವಲೀಲಾ ತನ್ನ ಹಾಳೆ ಹಿಡಿದು ಬಂದಾಗ ಎಲೆ ಅಡಿಕೆ ದವಡೆಗೆ ಸರಿಸಿ ಹೇಳಿದಳು: "ನನ್ ಕೆಲ್ಸ ತೂಗಿ ನೋಡೋದು ಅಂತ ಬರ್ಕೊ. ಆಮ್ಯಾಕೆ, ಇವ್ನು ದಿನಾ ಹನ್ನೊಂದ್ ಗಂಟೆಗೆ ಮೆಟ್ಲತ್ರ ಬಂದು, ನೀನು ಬಂದಿದ್ದೀಯೋ ಇಲ್ವೋ ಅಂತ ಮ್ಯಾಕೆ ಇಣುಕ್ತಾನಲ್ಲ, ಅದಕ್ಕೂ ಒಂದು ಹೆಸ್ರು ಹುಡ್ಕು."

"ದೇವಕ್ಕಾ!" ಎಂದ ವಸಂತ್.

"ಯಾಕೋ, ಅದು ಚೆಕ್ಕಲ್ವೇನೋ?"

ಆ ಸಂಜೆ ರಾಜಾಜಿನಗರದ ಬಸ್ಸಿನಲ್ಲಿ ಶಿವಲೀಲಾ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ತಾನು ಇಷ್ಟು ಸಂತೋಷವಾಗಿದ್ದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಮನೆಯಲ್ಲಿ ಅಣ್ಣ ವೀರೇಶ್ ಕಾದಿದ್ದ. "ಲೀಲಾ, ಮುಂದಿನ ಭಾನುವಾರ ಚಿತ್ರದುರ್ಗದೋರು ನಿನ್ನ ನೋಡೋಕೆ ಬರ್ತಾರೆ. ಹುಡುಗ ಬ್ಯಾಂಕ್ ಆಫೀಸರ್. ವಿಜಯನಗರದಲ್ಲಿ ಅವ್ರ ಮಾವನ ಮನೆಗೆ ಬಂದಿಳಿದು, ಅಲ್ಲಿಂದ ನಾಲ್ಕು ಗಂಟೆಗೆ ಬರ್ತಾರೆ. ನಿನ್ನ ಕೆಲಸಾನೂ ಅಷ್ಟೊತ್ತಿಗೆ ಮುಗಿದಿರುತ್ತಲ್ಲ?"

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನು ಅಣ್ಣ. ಅವಳು "ಹ್ಞೂಂ" ಎಂದಳು. ಮನೆಯವರು ಅದನ್ನು ಒಪ್ಪಿಗೆಯೆಂದುಕೊಂಡರು.

*

ಶುಕ್ರವಾರ ಆಡಿಟ್. ಮದ್ರಾಸಿನಿಂದ ಬಂದ ಆಡಿಟರ್ ನೇರವಾಗಿ ಗ್ರೈಂಡಿಂಗ್ ಮೆಷಿನ್ ಮುಂದೆ ನಿಂತರು. ಹನುಮಂತಯ್ಯ ನಾಲ್ಕನೇ ಸಾಲನ್ನು ಗಟ್ಟಿಯಾಗಿ ಓದಿ, ವೀಲ್ ಎತ್ತಿ, ತಟ್ಟಿ, ಆಡಿಟರ್ ಕಿವಿಯ ಹತ್ತಿರವೇ ಹಿಡಿದ. "ನೀವೂ ಕೇಳಿ ಸಾರ್." ಅವರು ಕೇಳಿದರು. ತಲೆದೂಗಿ ಏನೋ ಬರೆದುಕೊಂಡರು. ಗುರುರಾಜ್ ಬಿಟ್ಟ ನಿಟ್ಟುಸಿರು ಕ್ಯಾಂಟೀನಿನವರೆಗೂ ಕೇಳಿಸಿತು ಎಂದು ಆಮೇಲೆ ಎಲ್ಲರೂ ನಕ್ಕರು.

ಸಂಜೆ ಗುರುರಾಜ್ ಮೈಸೂರುಪಾಕ್ ಹಂಚಿ, "ಥ್ಯಾಂಕ್ಯೂ ಶಿವಲೀಲಾ, ನಾಳೆ ಬಂದು ನಿಮ್ಮ ಸೆಟ್ಲ್‌ಮೆಂಟ್ ತಗೊಂಡ್ಹೋಗಿ" ಎಂದರು.

ಬಸ್‌ಸ್ಟಾಪಿನವರೆಗೆ ವಸಂತ್ ಸೈಕಲ್ ತಳ್ಳುತ್ತಾ ಅವಳ ಜೊತೆ ನಡೆದ. ಒಂದು ತಲೆಮಾರಿನ ಹಿಂದೆ ಇಲ್ಲೆಲ್ಲ ಅವನ ಅಜ್ಜಿಯ ರಾಗಿ ಹೊಲವಿತ್ತಂತೆ. ಅದನ್ನು ಹೇಳುವುದಕ್ಕೇ ಅರ್ಧ ದಾರಿ ಮುಗಿಸಿದ.

"ಭಾನುವಾರ ನನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರೆ," ಎಂದಳು.

ಸೈಕಲ್ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಉರುಳಿತು.

"ಹುಡುಗ ಒಳ್ಳೆಯವ್ರಾ?"

"ವಿಚಾರಿಸಿದಾರಂತೆ."

"ಹಂಗಾದ್ರೆ ಒಳ್ಳೇದೇ ಆಯ್ತು ಬಿಡಿ."

ಅವಳ ಮೈ ಉರಿದುಹೋಯಿತು. "ಏನ್ರೀ, ಒಂದು ಚೆಕ್‌ಗೆ ನನ್ನ ಕೈಲಿ ಹನ್ನೊಂದು ಮಾತು ಹುಡುಕಿಸಿದ್ರಿ. ನಿಮ್ಮ ಮನಸ್ಸಲ್ಲಿರೋದನ್ನ ಹೇಳೋಕೆ ನಿಮಗೆ ಒಂದು ಮಾತೂ ಸಿಗಲಿಲ್ವಾ?"

ಅವನು ಸೈಕಲ್ಲಿನ ಬೆಲ್ಲನ್ನು ಹೆಬ್ಬೆರಳಿನಿಂದ ಸವರುತ್ತಾ ನಿಂತ. "ನಿಮ್ಮನೇಲಿ ಬೆಳಿಗ್ಗೆ ಎದ್ರೆ ಲಿಂಗಪೂಜೆ. ನಮ್ಮನೇಲಿ ಹಬ್ಬದ ಮಾರನೇ ದಿನ ಕೋಳಿ. ನಾನು ಐಟಿಐ, ಬಾಗಲಗುಂಟೇಲಿ ಶೀಟಿನ ಮನೆ. ಬಾಯಿ ಬಿಟ್ರೆ, ನಾಳೆಯಿಂದ ನೀವು ನನ್ ಕಡೆ ತಿರುಗೂ ನೋಡ್ದಿದ್ರೆ?"

"ನಾಳೆ ಕಳೆದ್ರೆ ಹೇಗೂ ನೋಡೋದಿಲ್ಲ. ಕೆಲಸ ಮುಗೀತಲ್ಲ."

ಅವನು ಆಗ ತಲೆಯೆತ್ತಿದ. ಕಣ್ಣು ತುಂಬಿತ್ತು. "ನೀವಿಲ್ದಿರೋ ಶೆಡ್ಡಿಗೆ ಸೋಮವಾರ ಹೆಂಗೆ ಹೋಗೋದು ಅಂತ ನಾಲ್ಕು ದಿನದಿಂದ ಯೋಚಿಸ್ತಾ ಇದೀನಿ ಲೀಲಾ ಅವ್ರೇ. ಗೊತ್ತಾಗ್ತಾ ಇಲ್ಲ."

ಮೇಡಂ ಎಂಬುದು ಯಾವಾಗ ಉದುರಿತೋ ಇಬ್ಬರಿಗೂ ತಿಳಿಯಲಿಲ್ಲ. ಬಸ್ಸು ಬಂತು, ನಿಂತಿತು, ಹೋಯಿತು.

"ಇದನ್ನ ನಮ್ಮಣ್ಣನ ಮುಂದೆ ಹೇಳ್ತೀರಾ? ಭಾನುವಾರ ಗಂಡಿನ ಕಡೆಯೋರು ನಾಲ್ಕಕ್ಕೆ ಬರ್ತಾರೆ. ನೀವು ಮೂರಕ್ಕೆ ಬನ್ನಿ."

*

ಭಾನುವಾರ ಎರಡು ಗಂಟೆಯಾದರೂ ಅವಳು ಅಣ್ಣನ ಮುಂದೆ ಬಾಯಿ ಬಿಟ್ಟಿರಲಿಲ್ಲ. ಅತ್ತಿಗೆ ರವೆ ಹುರಿಯುತ್ತಿದ್ದಳು. ವೀರೇಶ್ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದ.

"ಅಣ್ಣಾ, ಮೂರು ಗಂಟೆಗೆ ಒಬ್ರು ಬರ್ತಾರೆ. ನಾನೇ ಕರೆದಿರೋದು." ಅಷ್ಟು ಹೇಳಿದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಹೆಸರು, ಊರು, ಜಾತಿ, ಕೆಲಸ.

ವೀರೇಶ್ ಕೈಯಲ್ಲಿದ್ದ ಕುರ್ಚಿಯ ಮೇಲೇ ಕುಳಿತುಬಿಟ್ಟ. "ಆವತ್ತು ಹ್ಞೂಂ ಅಂದೆಯಲ್ಲೇ?"

"ನೀನು ನನಗೋಸ್ಕರ ಇಷ್ಟೆಲ್ಲ ಮಾಡಿದೀಯ. ಇಲ್ಲ ಅನ್ನೋಕೆ ಆಗ್ಲಿಲ್ಲ. ಈಗ ಅನ್ನದಿದ್ರೆ, ಜನ್ಮಪೂರ್ತಿ ನಿನ್ನ ಮುಂದೆ ಸುಳ್ಳು ಹೇಳಿಕೊಂಡು ಇರಬೇಕಾಗುತ್ತೆ ಅಣ್ಣ."

ಅವನು ತಾನು ಜೋಡಿಸಿದ್ದ ಕುರ್ಚಿಗಳ ಸಾಲನ್ನೊಮ್ಮೆ ನೋಡಿದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ. ಎಲ್ಲಿಗೆಂದು ಅತ್ತಿಗೆ ಕೇಳುವಷ್ಟರಲ್ಲಿ ಮೆಟ್ಟಿಲಿಳಿದು ಹೋದ.

ಶಿವಲೀಲಾ ಬಾಲ್ಕನಿಗೆ ಓಡಿದಳು. ಕೆಳಗೆ ಗೇಟಿನ ಬಳಿ, ಅರ್ಧ ಗಂಟೆ ಮೊದಲೇ ಬಂದಿದ್ದ ವಸಂತ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆವರುತ್ತಾ ನಿಂತಿದ್ದ. ಪಕ್ಕದಲ್ಲಿ ಅವನ ತಾಯಿ ಭದ್ರಮ್ಮ, ಮಡಿಲಲ್ಲಿ ಬಾಳೆಹಣ್ಣಿನ ಚಿಪ್ಪು. ಒಳಗೆ ಬರಲೋ ಬೇಡವೋ ಎಂಬಂತೆ ತಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಹೊರಗೆ ಬಂದ ವೀರೇಶನನ್ನು ತಡೆದು ಅವಳೇ ಕೇಳಿದಳು:

"ಸಾಮೀ, ಇಲ್ಲಿ ವೀರೇಸಪ್ನೋರ ಮನೆ ಯಾವ್ದು? ನಮ್ ಹುಡ್ಗ ಅವ್ರತ್ರ ಏನೋ ಮಾತಾಡ್ಬೇಕಂತೆ. ಬೆಳಿಗ್ಗೆಯಿಂದ ಒಂದ್ ತುತ್ತೂ ತಿಂದಿಲ್ಲ."

ವೀರೇಶ್ ಅವಳನ್ನು ನೋಡಿದ, ಅವಳ ಮಗನನ್ನು ನೋಡಿದ. ಬಾಲ್ಕನಿಯ ಕಂಬಿಯನ್ನು ಶಿವಲೀಲಾ ಬಿಗಿಯಾಗಿ ಹಿಡಿದಿದ್ದಳು.

"ಇದೇ ಮನೆ ತಾಯೀ. ಬಿಸಿಲಲ್ಲಿ ನಿಲ್ಲಬೇಡಿ, ಮೇಲೆ ಹೋಗಿ ಕೂತ್ಕೊಳ್ಳಿ." ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ, ಮಗನಿಗೆ ಹೇಳಿದ: "ನಾನು ಬೂತ್‌ಗೆ ಹೋಗಿ ವಿಜಯನಗರಕ್ಕೊಂದು ಫೋನ್ ಮಾಡಿ ಬರ್ತೀನಿ. ಇವತ್ತು ಬರಬೇಡಿ ಅಂತ ಗಂಡಿನ ಕಡೆಯೋರಿಗೆ ಹೇಳ್ಬೇಕು. ಒಪ್ಪಿದೀನಿ ಅಂತ ಅಲ್ಲ. ಮೊದಲು ಅಮ್ಮನ ಜೊತೆ ನೀವೂ ಏನಾದ್ರೂ ತಿನ್ನಿ. ಆಮೇಲೆ ಮಾತಾಡೋಣ."