ನಿಲ್ಲದೆ ಕುದಿಯುವ ಪರ್ಕೋಲೇಟರ್

ಬೆಟ್ಟಗಳು ಇನ್ನೂ ಮಗ್ಗುಲು ಬದಲಿಸಿ ಮಲಗುತ್ತಿದ್ದ ಕಾಲದಲ್ಲಿ ಮಿಂಚುಕಲ್ಲು ಎಂಬ ಒಂದು ರಾಜ್ಯವಿತ್ತು. ಅಲ್ಲಿನ ಅರಮನೆಯ ಲಾಯದಲ್ಲಿ ಒಂದು ಸಿಡಿಲುಗೂಳಿ ಇತ್ತು. ಅದರ ಎರಡು ಕೊಂಬಿಗೆ ಎರಡು ತಂತಿ ಕಟ್ಟಿ ಅರಮನೆಗೆಲ್ಲ ವಿದ್ಯುತ್ ಎಳೆದಿದ್ದರು. ಗೂಳಿ ಮೆಲುಕು ಹಾಕುತ್ತಿದ್ದರೆ ದೀಪ ಉರಿಯುತ್ತಿತ್ತು. ಅದರ ಎದುರಿಗೆ ಹೋಗಿ ನಿಂತವರು ಮಾತ್ರ ಹಿಡಿ ಬೂದಿಯಾಗುತ್ತಿದ್ದರು.

ಆ ರಾಜ್ಯದ ದೊರೆ ಗುಣಸಾಗರನಿಗೆ ಒಂದೇ ಹುಚ್ಚು, ಹಳೆಯ ಕಾಲದ ವಿದ್ಯುತ್ ಪರ್ಕೋಲೇಟರುಗಳನ್ನು ಕೂಡಿಹಾಕುವುದು. ಇದು ನಮ್ಮ ನಿಮ್ಮ ಮನೆಯ ಫಿಲ್ಟರ್ ಅಲ್ಲ. ಹೂಜಿಯಂಥ ಪಾತ್ರೆ, ಅದರೊಳಗೆ ಉದ್ದನೆಯ ಕೊಳವೆ, ಕೊಳವೆಯ ಮೇಲೆ ಕಾಫಿಪುಡಿ ಹಾಕುವ ತೂತಿನ ಬುಟ್ಟಿ, ಮುಚ್ಚಳದ ನಡುವೆ ಗಾಜಿನ ಗುಬುಟು. ತಂತಿ ಸಿಕ್ಕಿಸಿದರೆ ತಳದ ನೀರು ಕುದಿದು, ಕೊಳವೆಯಲ್ಲಿ ಮೇಲೆ ಹಾರಿ, ಗಾಜಿಗೆ ಬಡಿದು, ಪುಡಿಯ ಮೇಲೆ ಬಿದ್ದು, ಮತ್ತೆ ತಳಕ್ಕೆ ಇಳಿಯುತ್ತದೆ. ಮತ್ತೆ ಹಾರುತ್ತದೆ. ಗಾಜಿನಲ್ಲಿ ಬಣ್ಣ ಹದಕ್ಕೆ ಬರುವ ಹೊತ್ತಿಗೆ ಪಾತ್ರೆ ತಾನಾಗಿ ಸುಮ್ಮನಾಗುತ್ತದೆ. ಇಂಥವು ದೊರೆಯ ಬಳಿ ಮುನ್ನೂರಿದ್ದವು. ದಿನಕ್ಕೊಂದನ್ನು ಕೆಳಗಿಳಿಸಿ, ತಾನೇ ಕಾಫಿ ಕಾಸಿ, ಬಂದವರಿಗೆಲ್ಲ ಕೊಡುತ್ತಿದ್ದ. ದೂರು ಹೇಳಲು ಬಂದವರು ಎರಡು ಲೋಟ ಕುಡಿದು, ಬಂದ ಕೆಲಸ ಮರೆತು, ಮನೆಗೆ ಹೋಗುತ್ತಿದ್ದರು.

ಹೀಗಿರುವಾಗ ಮೃದುಪಾದ ಎಂಬವನು ಬಂದ. ಹಳೆಯ ಪಾತ್ರೆಗಳ ಪಂಡಿತ ಎಂದು ಹೇಳಿಕೊಂಡ. ಅವನು ನಡೆದರೆ ಸದ್ದೇ ಆಗುತ್ತಿರಲಿಲ್ಲ. ನನ್ನನ್ನು ಕೇಳಿದ್ದರೆ, ಸದ್ದಿಲ್ಲದೆ ನಡೆಯುವವರನ್ನು ಒಳಮನೆಗೆ ಬಿಟ್ಟುಕೊಳ್ಳಬೇಡಿ ಎನ್ನುತ್ತಿದ್ದೆ. ಆದರೆ ನನ್ನನ್ನು ಯಾರು ಕೇಳುತ್ತಾರೆ?

"ಬಳಸಿದರೆ ಸವೆಯುತ್ತವೆ ಪ್ರಭು," ಎಂದ ಮೃದುಪಾದ. "ಬಂದವರಲ್ಲಿ ಯಾರ ಕೈ ಎಂಥದೋ."

ಮುನ್ನೂರು ಪಾತ್ರೆಗಳನ್ನೂ ಗಾಜಿನ ಕಪಾಟಿಗೆ ಸೇರಿಸಿ ಬೀಗ ಜಡಿದ. ತಾನು ತಂದಿದ್ದ ಒಂದು ಕಪ್ಪು ಪಾತ್ರೆಯನ್ನು ದೊರೆಯ ಮುಂದಿಟ್ಟ. "ಇನ್ನು ಇದರದ್ದೇ ಕುಡಿಯಿರಿ. ತಂತಿ ಮಾತ್ರ ಯಾವತ್ತೂ ಕೀಳಬಾರದು."

ದೊರೆ ಕುಡಿದ. ಮೊದಲ ವಾರ ಅಡುಗೆಯವನ ಮೇಲೆ ಸಂಶಯ ಬಂತು. ಎರಡನೆಯ ವಾರ ಮಂತ್ರಿಯ ಮೇಲೆ. ಇಬ್ಬರನ್ನೂ ಸೆರೆಗೆ ಹಾಕಿಸಿದ. ಮೂರನೆಯ ವಾರ ರಾಣಿಯ ಮೇಲೆ. ಆಕೆ ಪೆಟ್ಟಿಗೆ ಕಟ್ಟಿಕೊಂಡು ತವರಿಗೆ ಹೋದಳು. ಬಾಗಿಲಿಗೊಬ್ಬ ಕಾವಲುಗಾರ, ಅವನನ್ನು ಕಾಯಲು ಇನ್ನೊಬ್ಬ, ಇಬ್ಬರನ್ನೂ ಇಣುಕಿ ನೋಡಲು ಮತ್ತೊಬ್ಬ. ವರ್ಷ ತುಂಬುವ ಹೊತ್ತಿಗೆ ಅರಮನೆಯ ರೋಗ ಊರಿಗೂ ಹತ್ತಿತು. ಪಕ್ಕದ ಮನೆಯವರಿಗೆ ಹಾಲಿಗೆ ಹಾಕುವಷ್ಟು ಹೆಪ್ಪು ಕೊಡುವುದನ್ನೂ ಜನ ನಿಲ್ಲಿಸಿದರು.

ಅರಮನೆಯಲ್ಲಿ ಲೋಟ ತುಂಬಿಸಿಕೊಡುವ ಬೀರಣ್ಣ ಎಂಬವನಿದ್ದ. ಆ ಕಪ್ಪು ಪಾತ್ರೆ ಹಗಲೂ ರಾತ್ರಿ ಗುಳುಗುಳು ಅನ್ನುವುದನ್ನು ಕೇಳಿ ಕೇಳಿ ತಲೆಕೆಟ್ಟು, ಒಂದು ಬೆಳಿಗ್ಗೆ ತಂತಿ ಕೀಳಲು ಕೈ ಹಾಕಿದ. "ವಿಷ! ವಿಷ ಹಾಕಲು ಬಂದಿದ್ದಾನೆ!" ಎಂದು ಮೃದುಪಾದ ಕಿರುಚಿದ. ಮೂರು ದಿನ ಕಳೆದ ಮೇಲೆ ಬೀರಣ್ಣನನ್ನು ಸಿಡಿಲುಗೂಳಿಯ ಮುಂದೆ ನಿಲ್ಲಿಸಬೇಕೆಂದು ದೊರೆ ಅಪ್ಪಣೆ ಕೊಟ್ಟ.

ಬೀರಣ್ಣನ ಹೆಂಡತಿ ಚೌಡಕ್ಕ. ಸಂತೆಯಲ್ಲಿ ಕುಳಿತು ಪಾತ್ರೆಗಳಿಗೆ ಕಲಾಯಿ ಹಾಕುವವಳು, ಹಳೆಯ ಪರ್ಕೋಲೇಟರುಗಳನ್ನು ಬಿಚ್ಚಿ ರಿಪೇರಿ ಮಾಡುವವಳು. ಸುದ್ದಿ ಕೇಳಿದವಳೇ ಮಸಿ ಕೈಯಲ್ಲೇ ದರ್ಬಾರಿಗೆ ಬಂದಳು.

"ನನ್ನ ಗಂಡ ವಿಷ ಹಾಕೋನಲ್ಲ ದೊರೆ. ನಿಲ್ಲದೆ ಕುದಿಯೋ ಪಾತ್ರೆ ಒಳ್ಳೇದಲ್ಲ ಅಂತ ತಂತಿ ಕೀಳೋಕೆ ಹೋದ, ಅಷ್ಟೇ."

"ಪಾತ್ರೆ ವಿಷಯ ನಿನಗೇನು ಗೊತ್ತು?" ಎಂದ ದೊರೆ. "ಮೂರು ಪರೀಕ್ಷೆ ಕೊಡ್ತೀನಿ. ಒಂದು ತಪ್ಪಿದರೂ ಗಂಡನ ಜೊತೆ ನೀನೂ ಗೂಳಿ ಮುಂದೆ."

"ಆಗ್ಲಿ," ಎಂದಳು ಚೌಡಕ್ಕ.

ಮೊದಲ ದಿನ ಮೃದುಪಾದ ಮೂರು ಪಾತ್ರೆ ತಂದಿಟ್ಟ. ಮೂರೂ ಮಸುಕು, ಮೂರೂ ನೆಗ್ಗಿದಂಥವು. "ಎರಡು ಅಜ್ಜನ ಕಾಲದ್ದು, ಒಂದು ಮೊನ್ನೆ ಮಾಡಿಸಿದ್ದು. ಯಾವುದು?" ಚೌಡಕ್ಕ ಕಣ್ಣು ಮುಚ್ಚಿ ಒಂದೊಂದರ ಮೂತಿಯನ್ನೂ ಮೂಸಿದಳು. "ಈ ನಡುವಿಂದು ಹೊಸದು. ಎಷ್ಟು ತೊಳೆದ್ರೂ ಹಳೇ ಪಾತ್ರೆ ಮೂತಿಯಿಂದ ಕಾಫಿ ವಾಸನೆ ಹೋಗಲ್ಲ. ಇದು ಹುಣಿಸೇಹಣ್ಣು ನಾರ್ತಿದೆ. ಹುಳಿ ಹಚ್ಚಿ, ತೊಳೀದೆ ಬಿಟ್ಟು ಮುದಿ ಮಾಡವ್ರೆ." ಅದು ನಿಜವಾಗಿತ್ತು.

ಎರಡನೆಯ ದಿನ ಒಂದು ತಾಮ್ರದ ಪಾತ್ರೆ ಬಂತು. ತಂತಿ ಸಿಕ್ಕಿಸಿದರೆ ನೀರು ಕಾಯುತ್ತಿತ್ತು, ಮೇಲೆ ಹಾರುತ್ತಿರಲಿಲ್ಲ. "ಇದಕ್ಕೆ ಶಾಪವಿದೆ. ಹಾರಿಸು ನೋಡೋಣ," ಎಂದ ಮೃದುಪಾದ. ಚೌಡಕ್ಕ ಕೊಳವೆ ಎತ್ತಿ ನೋಡಿದಳು. ಒಂದು ಬೆರಳು ಗಿಡ್ಡ. ಪಾತ್ರೆಯ ತಳದಲ್ಲಿರುವ ಗುಳಿಗೆ ಅದು ತಾಗುತ್ತಲೇ ಇರಲಿಲ್ಲ. ಕಪಾಟು ತೆಗೆಸಿ, ಸಾಲುಸಾಲು ಪಾತ್ರೆಗಳ ನಡುವೆ ನಡೆದು, ಏಳನೆಯ ಸಾಲಿನ ಒಂದು ಪಾತ್ರೆಯಿಂದ ಕೊಳವೆ ಕಿತ್ತು ತಂದು ಹಾಕಿದಳು. ಗುಳುಕ್ ಎಂದು ನೀರು ಗಾಜಿಗೆ ಹಾರಿತು.

ದೊರೆಯ ಮುಖದಲ್ಲಿ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಹುಬ್ಬು ಗಂಟಿಕ್ಕಿತು. "ಅಲ್ಲೇ ಇದೆ ಅಂತ ನಿನಗೆ ಹೇಗೆ ಗೊತ್ತಾಯ್ತು? ಮುಂಚೆ ಒಳಗೆ ನುಗ್ಗಿದ್ದೆಯಾ?"

"ಅಯ್ಯೋ ದೊರೆ, ಸೊಸೆಯಂದಿರು ಅದಲುಬದಲಾದ್ರೆ ಎರಡು ಮನೆಲೂ ಜಗಳ ಇರುತ್ತೆ. ಇಲ್ಲಿ ಕೊಳವೆ ಗಿಡ್ಡ ಅಂದ್ರೆ ಇನ್ನೊಂದು ಕಡೆ ಉದ್ದ. ಮುಚ್ಚಳ ಕೂರದೆ ಎದ್ದು ನಿಂತಿದ್ದ ಪಾತ್ರೆ ಅದೊಂದೇ."

ದೊರೆ ನಂಬಿದಂತೆ ಕಾಣಲಿಲ್ಲ.

ಮೂರನೆಯ ದಿನ ಕಪ್ಪು ಪಾತ್ರೆಯನ್ನೇ ಮುಂದಿಟ್ಟರು. "ಇದರ ದೋಷ ತೋರಿಸು," ಎಂದ ದೊರೆ. ಚೌಡಕ್ಕ ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೇಳಿದಳು. ಗುಳುಗುಳು, ಗುಳುಗುಳು, ಗುಳುಗುಳು. ಲಾಯದ ಕಡೆಯಿಂದ ಬೀರಣ್ಣನ ಸರಪಳಿಯ ಸದ್ದು ಬಂತು.

"ಪಾತ್ರೆ ತಳದಲ್ಲಿ ಒಂದು ಹಿತ್ತಾಳೆ ನಾಲಿಗೆ ಇರುತ್ತೆ ದೊರೆ. ಬಿಸಿ ಸಾಕಾದಾಗ ಅದು ಬಾಗಿ, ಕುದಿಯೋದು ನಿಲ್ಸುತ್ತೆ. ಇದಕ್ಕೆ ಆ ನಾಲಿಗೆ ಇಲ್ಲ. ಒಂದು ಸಲ ಇಳಿದ ಡಿಕಾಕ್ಷನ್ನೇ ಮತ್ತೆ ಹಾರಿ, ಮತ್ತೆ ಇಳಿದು, ಮತ್ತೆ ಹಾರಿ ಕಹಿ ಆಗೈತೆ. ನೀವೂ ಒಂದೇ ಯೋಚನೆನ ಒಂದು ವರ್ಷದಿಂದ ಹಂಗೇ ಕುದಿಸ್ತಾ ಇದೀರ. ತಳ ಬಿಚ್ಚಿ ನೋಡ್ಬೇಕು."

"ನೀನು ಬಿಚ್ಚಿದರೆ ಏನಾದರೂ ಇಟ್ಟುಬಿಡ್ತೀಯ."

"ಹಂಗಾದ್ರೆ ನೀವೇ ಬಿಚ್ಚಿ."

"ಬೇಡಿ ಪ್ರಭು!" ಎಂದು ಮೃದುಪಾದ ಮುಂದೆ ಬಂದ. "ತಂತಿ ಕಿತ್ತರೆ ಪ್ರಾಣಕ್ಕೇ ಅಪಾಯ!"

ದೊರೆ ನಿಧಾನವಾಗಿ ಅವನ ಕಡೆ ತಿರುಗಿದ. "ಯಾರ ಪ್ರಾಣಕ್ಕೆ? ನೀನ್ಯಾಕೆ ಹೀಗೆ ಬೆವರ್ತಿದೀಯ?"

ಎಲ್ಲರ ಮೇಲೂ ಸಂಶಯಪಡಲು ಕಲಿಸಿದವನು ಆ ಎಲ್ಲರಲ್ಲಿ ತಾನೂ ಒಬ್ಬ ಎಂಬುದನ್ನು ಮರೆತಿದ್ದ. ಮಾಟಗಾರರು ಎಷ್ಟೇ ಜಾಣರಾದರೂ ಇಂಥ ಕಡೆ ಎಡವುತ್ತಾರೆ.

ದೊರೆ ತಂತಿ ಕಿತ್ತ. ಪಾತ್ರೆ ಮಗುಚಿ, ಒಂದು ವರ್ಷದಿಂದ ತಿರುಪುಳಿ ಹಿಡಿಯದ ಕೈಯಿಂದ ತಳ ಬಿಚ್ಚಿದ. ಹಿತ್ತಾಳೆ ನಾಲಿಗೆಯ ಜಾಗದಲ್ಲಿ ಹೆಬ್ಬೆರಳು ಗಾತ್ರದ ಒಂದು ಕಪ್ಪು ಜಿಗಣೆ ಕಚ್ಚಿಕೊಂಡಿತ್ತು. ಅದು ಮೃದುಪಾದನ ದನಿಯಲ್ಲಿ ಮಾತಾಡಿತು: "ನಂಬಬೇಡಿ ಪ್ರಭು, ಯಾರನ್ನೂ ನಂಬಬೇಡಿ." ಹಾಗೆನ್ನುತ್ತಲೇ ಹಾರಿ ದೊರೆಯ ಮಣಿಕಟ್ಟಿಗೆ ಅಂಟಿತು.

"ಉಪ್ಪು ತನ್ನಿ!" ಎಂದಳು ಚೌಡಕ್ಕ.

ಅಡುಗೆಮನೆಯಿಂದ ಉಪ್ಪು ಬಂತು. ದೊರೆ ಅದನ್ನೂ ಸಂಶಯದಿಂದ ನೋಡಿ, ನಾಲಿಗೆಗೆ ಮುಟ್ಟಿಸಿ, ಉಪ್ಪೇ ಎಂದು ಖಾತ್ರಿಯಾದ ಮೇಲೆ ಸುರಿದುಕೊಂಡ. ಜಿಗಣೆ ಮುದುಡಿ, ನೀರಾಗಿ ಹರಿದುಹೋಯಿತು. ಮೃದುಪಾದ ನಿಂತಿದ್ದ ಜಾಗದಲ್ಲಿ ಬರಿಯ ಅಂಗಿ, ಪಂಚೆ ಬಿದ್ದಿದ್ದವು.

ಇಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿರಾ? ಚೌಡಕ್ಕನೂ ಹಾಗೇ ಅಂದುಕೊಂಡಳು. ಆದರೆ ದೊರೆ ಸಿಂಹಾಸನಕ್ಕೆ ಒರಗಿ, "ಆ ಜಿಗಣೆ ಇಟ್ಟವರು ನೀವಿಬ್ಬರೇ ಅಲ್ಲ ಅಂತ ಹೇಗೆ ನಂಬಲಿ?" ಎಂದ. ಜಿಗಣೆ ಸತ್ತರೂ ಒಂದು ವರ್ಷದ ಅಭ್ಯಾಸ ಸಾಯಬೇಕಲ್ಲ. ಬೀರಣ್ಣನ ಗಡುವು ಮುಗಿಯಲು ಒಂದು ಗಳಿಗೆ ಉಳಿದಿತ್ತು.

"ನನ್ನ ಗಂಡನ್ನ ಕರೆಸಿ. ಅವನು ಕಾಫಿ ಕಾಸ್ಲಿ. ನೀವು ಕುಡೀರಿ," ಎಂದಳು ಚೌಡಕ್ಕ. "ಕುಡಿದ್ರೆ ಅವನು ಮನೆಗೆ. ಕುಡೀದಿದ್ರೆ ನಾವಿಬ್ರೂ ಗೂಳಿ ಹತ್ರ ಹೋಗ್ತೀವಿ."

ಬೀರಣ್ಣ ಬಂದ. ತಾಮ್ರದ ಪಾತ್ರೆಗೆ ನೀರು ಹಾಕಿದ, ಪುಡಿ ಹಾಕಿದ, ತಂತಿ ಸಿಕ್ಕಿಸಿದ. ನೀರು ಹಾರಿತು, ಗಾಜು ಹೊಂಬಣ್ಣವಾಯಿತು, ಕಂದುಬಣ್ಣಕ್ಕೆ ತಿರುಗಿತು. ಆಮೇಲೆ ಪಾತ್ರೆ ತಾನಾಗಿ ಸುಮ್ಮನಾಯಿತು. ಒಂದು ವರ್ಷದ ಮೇಲೆ ಅರಮನೆಯಲ್ಲಿ ಅಂಥ ಮೌನ.

ಹಾಲು ಬೆರೆಸಿದ ಲೋಟವನ್ನು ಬೀರಣ್ಣ ದೊರೆಯ ಮುಂದೆ ಹಿಡಿದ. ರುಚಿ ನೋಡುವ ಆಳು ಎಂದಿನಂತೆ ಮುಂದೆ ಬಂದ.

"ನೀನೇ ಮೊದಲು ಒಂದು ಗುಟುಕು ಕುಡಿ ಬೀರಣ್ಣ," ಎಂದ ದೊರೆ.

"ಇಲ್ಲ ದೊರೆ," ಎಂದ ಬೀರಣ್ಣ. "ಹತ್ತು ವರ್ಷ ಈ ಕೈಯಿಂದ್ಲೇ ಕುಡಿದಿದೀರ. ಇವತ್ತು ಕುಡಿದು ತೋರಿಸಿದ್ರೆ ನಾಳೆನೂ ತೋರಿಸ್ಬೇಕು. ಬೇಕಾದ್ರೆ ಕುಡೀರಿ, ಬೇಡಾಂದ್ರೆ ಬಿಡಿ."

ಚೌಡಕ್ಕ ಸೆರಗು ಕಚ್ಚಿ ಹಿಡಿದಳು. ದೊರೆ ಲೋಟ ನೋಡಿದ, ಬೀರಣ್ಣನ ಮುಖ ನೋಡಿದ, ಮತ್ತೆ ಲೋಟ ನೋಡಿದ. ಆಳನ್ನು ಕೈಸನ್ನೆಯಿಂದ ಹಿಂದೆ ಕಳಿಸಿ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ.

"ಬೀರಣ್ಣ," ಎಂದ ದೊರೆ, "ಸಕ್ಕರೆ ಕಮ್ಮಿ ಆಯ್ತಲ್ಲೋ."

ಮೂರು ದಿನವೂ ಒಂದು ಹನಿ ಕಣ್ಣೀರು ಹಾಕದ ಚೌಡಕ್ಕ ಅಲ್ಲೇ ಕುಸಿದು ಕುಳಿತು ಅತ್ತಳು.

ಸೆರೆಯಲ್ಲಿದ್ದವರು ಬಿಡುಗಡೆಯಾದರು. ದೊರೆ ತಾನೇ ತವರಿಗೆ ಹೋಗಿ, ತಪ್ಪಾಯಿತೆಂದು ಹೇಳಿ, ರಾಣಿಯನ್ನು ಕರೆತಂದ. ಕಪಾಟುಗಳ ಬಾಗಿಲು ತೆಗೆದೇ ಇಟ್ಟರು. ದಿನಕ್ಕೊಂದು ಪಾತ್ರೆ ಕೆಳಗಿಳಿಯಿತು, ಕೆಲವು ನೆಗ್ಗಿದವು, ಯಾರೂ ಬೈಯಲಿಲ್ಲ. ಬೀರಣ್ಣನೂ ಚೌಡಕ್ಕನೂ ತಲೆ ಹಣ್ಣಾಗುವವರೆಗೆ ಜೊತೆಗಿದ್ದರು. ಆ ದಿನ ಮನೆಗೆ ಹೋಗುವಾಗ ಮಾತ್ರ ದಾರಿಯುದ್ದಕ್ಕೂ ಅವಳು ಅವನನ್ನು ಬೈದಳು: "ಪ್ರಾಣ ಹೋಗೋ ಹೊತ್ತಲ್ಲೂ ಒಂದು ಚಮಚ ಸಕ್ಕರೆ ಸರಿಯಾಗಿ ಹಾಕೋಕೆ ಬರಲ್ವೇನೋ ನಿಂಗೆ?"