ಮಾರ್ಗದರ್ಶಕರ ಕೈ

ಹದಿನಾಲ್ಕು ಪದ ಟೈಪ್ ಮಾಡುವಷ್ಟರಲ್ಲಿ ಯಂತ್ರ ಭುವನೇಶ್ವರಿ ಕೊಣ್ಣೂರಳ ಕೈಯನ್ನು ಗುರುತಿಸಿತು. ಪರದೆಯ ಮೇಲೆ "ನಮಸ್ಕಾರ, ಪ್ರೊಫೆಸರ್ ಇಂಚಗೇರಿ" ಎಂದು ಬಂತು.

ಅವಳು ಅಳಿಸಿ ಮತ್ತೆ ಟೈಪ್ ಮಾಡಿದಳು. ಪ್ರೊಫೆಸರ್ ಇಂಚಗೇರಿಯವರಿಗೆ ಮತ್ತೆ ನಮಸ್ಕಾರ ಬಂತು.

ಅದು 2057ರ ಜೂನ್. ಅವಳ ವಿಶ್ವವಿದ್ಯಾಲಯ ಪಾಸ್‌ವರ್ಡ್‌ಗಳನ್ನು ರದ್ದು ಮಾಡಿ 'ಕೈಗುರುತು' ತಂದು ಒಂದು ವಾರವಾಗಿತ್ತು. ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗಲು ಬೆರಳಿಗೆ ಎಷ್ಟು ಹೊತ್ತು ಬೇಕು, ಯಾವ ಕೀಲಿಯ ಮೇಲೆ ಎಷ್ಟು ಭಾರ ಬೀಳುತ್ತದೆ, ತಪ್ಪನ್ನು ಎಷ್ಟು ಮುಂದೆ ಹೋದ ಮೇಲೆ ತಿದ್ದುತ್ತಾರೆ ಎಂಬುದನ್ನೆಲ್ಲ ಅಳೆದು ಅದು ಮನುಷ್ಯನನ್ನು ಗುರುತಿಸುತ್ತಿತ್ತು. ಒಂದು ಕೈಗೆ ಒಂದೇ ಖಾತೆ. ಯಾವ ಕೈ ಯಾರದೆಂದು ಕಲಿಯಲು ಅದಕ್ಕೆ ಪ್ರತಿ ಖಾತೆಯ ಹಿಂದಿನ ಮೂರು ವರ್ಷಗಳ ಟೈಪಿಂಗ್ ದಾಖಲೆ ಕೊಟ್ಟಿದ್ದರು.

ಭುವನೇಶ್ವರಿ ಭೂವಿಜ್ಞಾನ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಇಂಚಗೇರಿಯವರು ಅವಳ ಮಾರ್ಗದರ್ಶಕರು. ಅವಳ ಆರು ವರ್ಷದ ನೋಂದಣಿ ಅವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಸ್ವಂತ ಖಾತೆಯಿಂದ ಮಹಾಪ್ರಬಂಧ ಸಲ್ಲಿಸದಿದ್ದರೆ ಆರು ವರ್ಷವೂ ಹೋದಂತೆ. ಆದರೆ ಆ ಕೈಗೆ ಆಗಲೇ ಒಂದು ಖಾತೆ ಇದೆಯೆಂದು ಯಂತ್ರ ಅವಳ ಖಾತೆಯನ್ನು ನಕಲಿ ಎಂದು ಮುಚ್ಚಿಬಿಟ್ಟಿತ್ತು.

ಕೈಗುರುತನ್ನು ಕಂಡುಹಿಡಿದ ಡಾ. ಫರ್ಹಾನಾ ಮುಧೋಳ ಅದೇ ಕ್ಯಾಂಪಸ್ಸಿನಲ್ಲಿದ್ದರು. ದೂರು ಹೋದ ಮೇಲೆ ಮಧ್ಯಾಹ್ನ ಒಂದಕ್ಕೆ ಬಂದು ದಾಖಲೆ ತೆರೆದರು.

"ಸರ್ ಖಾತೆಯೊಳಗ ನೀವ್ಯಾಕ ಟೈಪ್ ಮಾಡಿದ್ರಿ?"

"ಮತ್ತ್ಯಾರು ಮಾಡ್ಬೇಕ್ರಿ ಮೇಡಂ? ಸರ್ ಹೇಳ್ತಾರ, ನಾವು ಹೊಡೀತೀವಿ. ನಮಗಿಂತ ಮೊದಲಿದ್ದವ್ರೂ ಹಂಗ."

"ಪತ್ರ, ವರದಿ ಎಲ್ಲಾ?"

"ಎಲ್ಲಾ. ಅವರ ಮಗಳ ಲಗ್ನಪತ್ರಿಕಿ ಸೈತ."

ಫರ್ಹಾನಾ ಅವಳಿಗೆ ಎರಡೇ ಬೆರಳಿನಿಂದ ಟೈಪ್ ಮಾಡಲು ಹೇಳಿದರು. ಈ ಸಲ ಯಂತ್ರಕ್ಕೆ ಅರವತ್ತು ಪದ ಬೇಕಾಯಿತು. ಉತ್ತರ ಮಾತ್ರ ಅದೇ. ಕೊನೆಗೆ ಇಂಚಗೇರಿಯವರನ್ನೇ ಕರೆಸಿದರು. ಅವರು ಕುಳಿತು ತೋರುಬೆರಳಿನಿಂದ ಎರಡು ಸಾಲು ಹೊಡೆದರು. "ಹೊಸ ವ್ಯಕ್ತಿ. ದಾಖಲೆ ಇಲ್ಲ" ಎಂದು ಬಂತು.

"ನಾ ಇಲ್ಲಿ ಬಂದು ಮೂವತ್ತೊಂದು ವರ್ಷ ಆತು."

"ಕುರ್ಚಿ ಕೇಳೋ ಯಂತ್ರ ಆಗಿದ್ರ ಗುರುತು ಹಿಡೀತಿತ್ತು ಸರ್. ಇದು ಕೈ ಕೇಳತೈತಿ," ಎಂದರು ಫರ್ಹಾನಾ.

ದುರಸ್ತಿ ಕಷ್ಟವಿರಲಿಲ್ಲ. ಇಬ್ಬರ ಕೈಗಳನ್ನೂ ಅವರವರ ಹೆಸರಿಗೆ ಹಚ್ಚಲು ಹತ್ತು ನಿಮಿಷ ಸಾಕಾಯಿತು. ಆದರೆ ಇನ್ನೂ ಸಲ್ಲಿಕೆಯಾಗದ ಕಡತಗಳು ಟೈಪ್ ಮಾಡಿದ ಕೈಯ ಹೆಸರಿಗೇ ಹೋಗುತ್ತವೆ. ಫರ್ಹಾನಾ ಪ್ರಬಂಧದ ಮೊದಲ ಪುಟ ತೆರೆದರು. ಅದು ಮಾರ್ಗದರ್ಶಕರ ಪ್ರಮಾಣಪತ್ರ: "ಈ ಪ್ರಬಂಧವನ್ನು ಪೂರ್ತಿ ಓದಿ ತೃಪ್ತನಾಗಿದ್ದೇನೆ." ಅದನ್ನು ಹಿಂದಿನವರ ಪ್ರಬಂಧ ನೋಡಿ ವಿದ್ಯಾರ್ಥಿಯೇ ಟೈಪ್ ಮಾಡುವುದು, ಸರ್ ಸಹಿ ಹಾಕುವುದು ವಿಭಾಗದ ರೂಢಿ.

"ಇದೂ ನಿಮ್ಮ ಕೈ," ಎಂದರು ಫರ್ಹಾನಾ. "ನಿಮಗ ನೀವ ಪ್ರಮಾಣಪತ್ರ ಕೊಟ್ಟಂಗಾತು. ಯಂತ್ರ ತಗೊಳ್ಳೂದಿಲ್ಲ. ಸರ್ ಹೊಡೀಬೇಕು."

"ನಾಲ್ಕು ಸಾಲು. ನೋಡಿ ಹೊಡದರಾತು," ಎಂದರು ಇಂಚಗೇರಿ.

ನೋಡಿ ಹೊಡೆದರೆ ಬೆರಳು ಒಂದೇ ಸಮನೆ ನಡೆಯುತ್ತದೆ. ಯೋಚಿಸಿ ಬರೆಯುವಾಗ ನಡುನಡುವೆ ನಿಲ್ಲುತ್ತದೆ. ಯಂತ್ರಕ್ಕೆ ಆ ವ್ಯತ್ಯಾಸ ಗೊತ್ತು. ಇಂಚಗೇರಿಯವರ ನಾಲ್ಕು ಸಾಲನ್ನು ಅದು "ನಕಲು" ಎಂದು ವಾಪಸು ಕಳಿಸಿತು.

ಅವರು ಕೀಲಿಮಣೆ ಬಿಟ್ಟು ಅವಳ ಕಡೆ ತಿರುಗಿದರು. "ಭುವನಾ, ನಿಂದು ಬೋರ್‌ವೆಲ್ ನೀರಿನ ಮ್ಯಾಲಲ್ಲಾ?"

"ಅದರಾಗಿನ ಫ್ಲೋರೈಡ್ ಮ್ಯಾಲ, ಸರ್."

"ಕೊಡಿಲ್ಲಿ."

ಎರಡೂವರೆಗೆ ಓದಲು ಕುಳಿತರು. ವೇಗವಾಗಿ ಓದುತ್ತಿದ್ದರು, ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ನಾಲ್ಕೂಕಾಲಿಗೆ ಮೂರನೆಯ ಅಧ್ಯಾಯದಲ್ಲಿ ನಿಂತರು.

"ಈ ಇಪ್ಪತ್ತೆರಡು ಬೋರ್‌ವೆಲ್ ಗ್ರಾನೈಟ್‌ನ್ಯಾಗ ಅದಾವಂತ ಬರ್ದಿ. ಈ ಊರಾಗ ಇರೂದು ಬಸಾಲ್ಟ್ ಕಲ್ಲು. ಯಾವ ನಕಾಶಿ ತಗೊಂಡಿದ್ದಿ?"

"ವಿಭಾಗದಾಗ ಇದ್ದದ್ದು. ಎರಡನೇ ವರ್ಷ ನಿಮಗ ತೋರಿಸಿದ್ದೆ."

"ತೋರಿಸಿದ್ದಿ. ನಾ ನೋಡಿರ್ಲಿಲ್ಲ." ಪುಟ ಮಗುಚಿದರು. "ಮುಂದಿನ ಎರಡು ಅಧ್ಯಾಯ ಇದರ ಮ್ಯಾಲ ನಿಂತಾವು. ಈಗ ನಾ ಏನಂತ ಬರೀಲಿ?"

ಭುವನೇಶ್ವರಿ ಗಡಿಯಾರ ನೋಡಿದಳು. ನಾಲ್ಕೂ ಇಪ್ಪತ್ತು.

"ಖರೇ ಇದ್ದದ್ದು ಬರೀರಿ ಸರ್. ಐದರೊಳಗ ಬರೀರಿ."

ಮೂರು ಸಾಲಿಗೆ ಅರ್ಧ ಗಂಟೆ ಹಿಡಿಯಿತು: "ಮೂರು ಅಧ್ಯಾಯ ಓದಿದ್ದೇನೆ. ಮೂರನೆಯದರಲ್ಲಿ ಕಲ್ಲಿನ ವಿಂಗಡಣೆ ತಪ್ಪಾಗಿದೆ; ಇದನ್ನು ನಾನು ನಾಲ್ಕು ವರ್ಷದ ಹಿಂದೆಯೇ ಹೇಳಬೇಕಿತ್ತು. ಉಳಿದದ್ದನ್ನು ಓದಿಲ್ಲ."

ಯಂತ್ರ "ಕೈ ಹೊಂದಿದೆ" ಎಂದಿತು. ಪ್ರಬಂಧ ನಾಲ್ಕೂ ಐವತ್ನಾಲ್ಕಕ್ಕೆ ಸಲ್ಲಿಕೆಯಾಯಿತು. ನೋಂದಣಿ ಉಳಿಯಿತು. ಎರಡು ತಿಂಗಳಲ್ಲಿ ಪರೀಕ್ಷಕರು ಅದೇ ಆಕ್ಷೇಪದೊಂದಿಗೆ ಪ್ರಬಂಧವನ್ನು ಹಿಂದಕ್ಕೆ ಕಳಿಸಿದರು. ತಿದ್ದಲು ಅವಳಿಗೆ ಹನ್ನೊಂದು ತಿಂಗಳು ಬೇಕಾಯಿತು.

ಆ ವರ್ಷ ಇಡೀ ವಿಶ್ವವಿದ್ಯಾಲಯದಲ್ಲಿ ಇನ್ನೂರ ಅರವತ್ತಮೂರು ಪ್ರಬಂಧಗಳು ಬರಬೇಕಿತ್ತು. ಯಂತ್ರ ದಾಟಿ ಬಂದವು ಇಪ್ಪತ್ತೊಂಬತ್ತು. ವಿಚಾರಣೆಗೆ ಸಮಿತಿ ಕುಳಿತಿತು. ಯಂತ್ರದಲ್ಲಿ ದೋಷವಿದೆ ಎಂದು ವರದಿ ಕೊಟ್ಟಿತು. ಪ್ರಾಧ್ಯಾಪಕರು ತಮ್ಮ ಖಾತೆಗೆ 'ಸಹಾಯಕರ ಕೈ' ನೋಂದಾಯಿಸಲು, ಆ ಕೈ ನೋಡಿ ಹೊಡೆದದ್ದನ್ನೂ ಯಂತ್ರ ಒಪ್ಪಲು ಅವಕಾಶ ಮಾಡಿಕೊಡಬೇಕೆಂದು ಫರ್ಹಾನಾ ಅವರಿಗೆ ಆದೇಶ ಹೋಯಿತು. ಅವರು ಒಂದೇ ಮಧ್ಯಾಹ್ನದಲ್ಲಿ ಮಾಡಿಕೊಟ್ಟರು. ಮರುವರ್ಷ ಎಲ್ಲ ಪ್ರಬಂಧಗಳೂ ಹೊತ್ತಿಗೆ ಸರಿಯಾಗಿ ಬಂದವು. ಎಲ್ಲದರಲ್ಲೂ ಮಾರ್ಗದರ್ಶಕರು ಪೂರ್ತಿ ಓದಿ ತೃಪ್ತರಾಗಿದ್ದರು.

ಫರ್ಹಾನಾ ಒಂದು ದಿನ ಗ್ರಂಥಾಲಯದ ನೆಲಮಾಳಿಗೆಗೆ ಹೋಗಿ 2025ರ ಕಪಾಟಿನಿಂದ ಹತ್ತು ಪ್ರಬಂಧಗಳನ್ನು ತೆಗೆದು ನೋಡಿದರು. ಹತ್ತರಲ್ಲೂ ಅದೇ ಸಾಲಿತ್ತು. ಒಂದರಲ್ಲಿ ಹಿಂದಿನ ವರ್ಷದ ವಿದ್ಯಾರ್ಥಿಯ ಹೆಸರನ್ನು ಬದಲಿಸಲು ಮರೆತಿದ್ದರು. ಅದರ ಕೆಳಗೂ ಸಹಿ ಇತ್ತು.