ಎಂಟು ಟನ್ ಕೆಸರು

"ಎಂಟು ಟನ್ ಎಲ್ಲಿ ಹೋಯ್ತು, ಜ್ಞಾನೇಶ್?"

ಶರಾವತಿ ಕೇಳಬೇಕೆಂದುಕೊಂಡಿದ್ದು ಹೀಗಲ್ಲ. ಆದರೆ ಮೇ ತಿಂಗಳ ಸೆಕೆಗೆ ಬೆಳಿಗ್ಗೆ ಎಂಟಕ್ಕೇ ಶೆಡ್ಡಿನ ತಗಡು ಕಾದಿತ್ತು, ಮೆತ್ತಗಿನ ಮಾತು ಹುಡುಕುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ಎರಡು ವರ್ಷಗಳಿಂದ ಅವನು ಅವಳ ಲ್ಯಾಬಿನ ಕಿಟಕಿಯಲ್ಲಿ ಸ್ಯಾಂಪಲ್ ಬಾಟಲಿ ಇಟ್ಟು ಅವಳನ್ನು ನೋಡುತ್ತಿದ್ದ. ಬಾಟಲಿಯ ಮೇಲೆ ಒಂದು ಕ್ಷಣ, ಅವಳ ಮುಖದ ಮೇಲೆ ಎರಡು ಕ್ಷಣ. ಇವತ್ತು ಆ ನೋಟ ಅವಳ ಹೆಗಲಿನಾಚೆ ಎಲ್ಲೋ ಹೋಗಿ ನಿಂತಿತು.

"ನೀವೂ ಕೇಳ್ತೀರಾ?" ಎಂದ.

ಶಿವಮೊಗ್ಗ–ಭದ್ರಾವತಿ ರಸ್ತೆಯ ಆ ರಾಸಾಯನಿಕ ಕಂಪನಿಯಲ್ಲಿ ತ್ಯಾಜ್ಯನೀರನ್ನು ಶುದ್ಧ ಮಾಡಿದ ಮೇಲೆ ಉಳಿಯುವ ಕೆಸರಿಗೆ ಜ್ಞಾನೇಶನೇ ಜವಾಬ್ದಾರ. ಶೆಡ್ಡಿಗೆ ಹಾಕುವಾಗ ಒಮ್ಮೆ ತೂಗುತ್ತಾರೆ. ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಿನ ಜೊತೆ ಸೇರಿಸಲು ಲಾರಿಗೆ ತುಂಬುವಾಗ ಇನ್ನೊಮ್ಮೆ. ಏಪ್ರಿಲ್‌ನಲ್ಲಿ ಶೆಡ್ಡಿಗೆ ಹೋದದ್ದು ನಲವತ್ತೆರಡು ಟನ್. ನಾಲ್ಕು ಲಾರಿಗಳಲ್ಲಿ ಹೊರಟದ್ದು ಮೂವತ್ತನಾಲ್ಕು. ಉಳಿದ ಎಂಟು ಟನ್ನನ್ನು ಅವನು ಯಾವುದೋ ಹಳ್ಳಕ್ಕೆ ಸುರಿಸಿದ್ದಾನೆಂದು ಕಂಪನಿಗೆ ಅನುಮಾನ. ಮೆಮೊ ಕೊಟ್ಟಿದ್ದರು. ಉತ್ತರಕ್ಕೆ ಇಂದೇ ಕಡೆಯ ದಿನ, ಇಲ್ಲದಿದ್ದರೆ ಕೆಲಸ ಹೋಗುತ್ತದೆ.

"ಒಣಗಿದೆ ಅಷ್ಟೆ. ಬಿಸಿಲು ನೋಡಿದ್ರಲ್ಲ," ಎಂದ.

"ಹಾಗಂತ ಬರೆದುಕೊಡಿ."

"ಲ್ಯಾಬ್ ರಿಪೋರ್ಟ್ ಬೇರೆ ಹೇಳುತ್ತಲ್ಲ ಮಾರಾಯ್ರೆ."

ಆ ರಿಪೋರ್ಟು ಅವಳ ಕಣ್ಣ ಮುಂದೆ ಬಂತು. ಒಳಗೆ ಬರುವಾಗ ಕೆಸರಿನ ತೇವಾಂಶ ಶೇಕಡಾ ಅರವತ್ತೈದು. ಹೊರಡುವಾಗಲೂ ಅರವತ್ತೈದು. ನಾಲ್ಕೂ ಲಾರಿಗೆ. ನೀರು ಆರಿಲ್ಲವೆಂದ ಮೇಲೆ ತೂಕ ಇಳಿಯಲು ದಾರಿಯಿಲ್ಲ. ಹಾಗೆ ಬರೆದು ಸಹಿ ಹಾಕಿದವಳು ಅವಳೇ.

ಏಪ್ರಿಲ್‌ನಲ್ಲಿ ಇನ್ನೊಬ್ಬ ಕೆಮಿಸ್ಟ್ ದಿವ್ಯಶ್ರೀ ಹೆರಿಗೆ ರಜೆಯಲ್ಲಿದ್ದಳು. ಹನ್ನೊಂದು ದಿನ ಶರಾವತಿ ಎರಡೆರಡು ಶಿಫ್ಟ್ ಎಳೆದಿದ್ದಳು. ಶಿವಮೊಗ್ಗದ ಹೊಸಮನೆ ಬಡಾವಣೆಯ ಮನೆಗೆ ಹೋದದ್ದು ಸ್ನಾನಕ್ಕೆ ಮಾತ್ರ.

"ಆ ನಾಲ್ಕು ಸ್ಯಾಂಪಲ್ ನಾನು ಪರೀಕ್ಷೆ ಮಾಡ್ಲೇ ಇಲ್ಲ," ಎಂದಳು. "ಹಿಂದಿನ ಅಂಕಿನೇ ಇಳಿಸಿಬಿಟ್ಟೆ."

"ಗೊತ್ತು."

"ಏನು ಗೊತ್ತು?"

"ಬಾಟಲಿ ವಾಪಸ್ ಬಂದಾಗ ಮುಚ್ಚಳದ ಸೀಲ್ ಟೇಪ್ ಹರಿದೇ ಇರ್ಲಿಲ್ಲ. ಕೇಳೋಣ ಅಂತ ಬಂದೆ. ನೀವು ಟೇಬಲ್ ಮೇಲೆ ತಲೆ ಇಟ್ಟು ಮಲಗಿದ್ರಿ. ಪೆನ್ನು ಕೈಯಲ್ಲೇ ಇತ್ತು."

"ಎಬ್ಬಿಸ್ಬೇಕಿತ್ತು."

"ಮನಸ್ಸು ಬರ್ಲಿಲ್ಲ."

"ಮೆಮೊ ಬಂದ ಮೇಲಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಿಮ್ಮ ಕೆಲ್ಸ ಹೋಗುತ್ತೆ."

"ಈಗ ನಿಮ್ಮದು ಹೋಗ್ತಿದೆ!"

ಅವನು ಹೆಗಲು ಕುಣಿಸಿದ. ಅವನೂ ದಣಿದಿದ್ದ, ಕಣ್ಣ ಕೆಳಗೆ ಕಪ್ಪು, ಮೂರು ದಿನದ ಗಡ್ಡ. ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಹೆಸರಿಡಲಾಗದ ಇನ್ನೇನೋ ಬಂತು.

"ಬಾಟಲಿ ಎಲ್ಲಿ? ಚೆಲ್ಲಿಬಿಟ್ರಾ?"

"ಇಲ್ಲ. ಪರೀಕ್ಷೆ ಆಗ್ದಿರೋ ಸ್ಯಾಂಪಲ್ ಚೆಲ್ಲೋ ಹಾಗಿಲ್ವಲ್ಲ, ರೂಲ್ಸು."

"ಬರೀ ರೂಲ್ಸಾ?"

ಅವನು ಇವತ್ತು ಮೊದಲ ಬಾರಿಗೆ ಅವಳ ಮುಖ ನೋಡಿದ. "ಲೇಬಲ್ ಮೇಲೆ ನಿಮ್ಮ ಅಕ್ಷರ ಇತ್ತು."

ಶೆಡ್ಡಿನ ಕಪಾಟಿನಲ್ಲಿದ್ದ ನಾಲ್ಕೂ ಬಾಟಲಿಗಳನ್ನು ಟ್ರೇನಲ್ಲಿಟ್ಟುಕೊಂಡು ಅವಳು ನೇರ ಮ್ಯಾನೇಜರ್ ಕೃಷ್ಣಪ್ಪನವರ ಕೋಣೆಗೆ ಹೋದಳು. "ಬೇಡ ಶರಾವತಿ," ಎನ್ನುತ್ತ ಜ್ಞಾನೇಶ್ ಬಾಗಿಲವರೆಗೂ ಬಂದ. ಅವಳು ತಿರುಗಿ ನೋಡಲಿಲ್ಲ. ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲೆಂಬುದನ್ನು ಮಾತ್ರ ಗಮನಿಸಿದಳು.

ಕೃಷ್ಣಪ್ಪ ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು. "ಯೋಚ್ನೆ ಮಾಡಿದೀಯೇನಮ್ಮ? ಸೀಲ್ ಬಿಚ್ಚಿದ ಮೇಲೆ ನಾನು ನೋಡಿಲ್ಲ ಅನ್ನೋಕಾಗಲ್ಲ."

"ಬಿಚ್ಚಿ ಸರ್. ನಿಮ್ಮ ಕೈಯಲ್ಲೇ ಬಿಚ್ಚಿ."

ಕೆಸರನ್ನು ತೂಗಿ, ನೂರೈದು ಡಿಗ್ರಿಯ ಓವನ್ನಿನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಬೇಕು. ನಾಲ್ಕು ಗಂಟೆಯ ಕೆಲಸ. ಜ್ಞಾನೇಶ್ ಲ್ಯಾಬಿನ ಸ್ಟೂಲಿನ ಮೇಲೆ ಕುಳಿತ. ಅವಳು ಎದುರಿಗೆ. ಒಂದೇ ಲೋಟದ ಚಹಾ ಇಬ್ಬರ ನಡುವೆ ಓಡಾಡಿತು.

"ಭಯ ಆಗ್ತಿದೆಯಾ?" ಎಂದ.

"ಇಲ್ಲ. ಬೆನ್ನು ನೋಯ್ತಿದೆ."

ಅವನು ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಇಷ್ಟು ಹತ್ತಿರದಿಂದ ಅವಳು ಅದನ್ನು ನೋಡಿರಲಿಲ್ಲ. ನೋಡುತ್ತಿರುವುದು ಅವನಿಗೆ ತಿಳಿಯಿತು. ತಿಳಿಯಿತೆಂದು ಅವಳಿಗೂ ತಿಳಿಯಿತು. ಇಬ್ಬರೂ ಓವನ್ನಿನ ಕಡೆ ತಿರುಗಿದರು.

ತೇವಾಂಶ ಸರಾಸರಿ ಐವತ್ತೇಳು ಬಂತು. ಲೆಕ್ಕ ಹಾಕಿದರೆ, ನಲವತ್ತೆರಡು ಟನ್ ಹಸಿ ಕೆಸರು ಅಷ್ಟು ಒಣಗಿದಾಗ ಉಳಿಯುವುದು ಮೂವತ್ತನಾಲ್ಕೇ. ಎಂಟು ಟನ್ ಯಾವ ಹಳ್ಳಕ್ಕೂ ಹೋಗಿರಲಿಲ್ಲ, ಆವಿಯಾಗಿತ್ತು.

ಕೃಷ್ಣಪ್ಪ ಅವನ ಮೆಮೊ ವಾಪಸ್ ತೆಗೆದುಕೊಂಡರು. ಅವಳಿಗೆ ಹೊಸದೊಂದು ಕೊಟ್ಟರು: ವಿಚಾರಣೆ ಮುಗಿಯುವ ತನಕ ಅಮಾನತು. ಕೊಡುವಾಗ ಅವರು ತಲೆ ಎತ್ತಲಿಲ್ಲ.

ಎರಡು ಗಂಟೆಗೆ ಗೇಟಿನ ಹೊರಗೆ ರಸ್ತೆ ಬೇಯುತ್ತಿತ್ತು. ಶಿವಮೊಗ್ಗದ ಬಸ್ಸಿಗೆ ಅವಳು ಈ ಕಡೆ ನಿಂತಿದ್ದಳು. ಭದ್ರಾವತಿಗೆ ಹೋಗಬೇಕಾದ ಜ್ಞಾನೇಶ್ ರಸ್ತೆ ದಾಟಿ ಬಂದ.

"ನಿಮ್ಮ ಬಸ್ಸು ಆ ಕಡೆ."

"ಗೊತ್ತು."

"ಎಲ್ಲಾ ಗೊತ್ತು ನಿಮಗೆ. ಬಾಯಿ ಬಿಟ್ಟು ಹೇಳೋದೊಂದು ಗೊತ್ತಿಲ್ಲ." ಅವಳು ಅವನತ್ತ ತಿರುಗಿ ನಿಂತಳು. "ಇನ್ನೊಂದ್ಸಲ ನನಗೋಸ್ಕರ ಸುಮ್ನೆ ಇರ್ಬೇಡಿ ಜ್ಞಾನೇಶ್. ಆ ಭಾರ ಹೊರೋ ಶಕ್ತಿ ನನಗಿಲ್ಲ. ಏನಿದ್ರೂ ಹೇಳಿ."

ಅವನು ಬೆವರು ಒರೆಸಿಕೊಂಡ. ಒಂದು ಸಿಮೆಂಟ್ ಲಾರಿ ಹಾದುಹೋಗುವ ತನಕ ಕಾದ.

"ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದೀನಿ. ಎರಡು ವರ್ಷ ಆಯ್ತು."

"ಕೆಲ್ಸ ಇಲ್ದಿರೋಳನ್ನ?"

"ಹೂಂ."

"ಸುಳ್ಳು ಬರೆದೋಳನ್ನ?"

"ನಿಜ ಹೇಳೋಕೆ ನೀವು ಹೋದಾಗ ನಾನು ಬಾಗಿಲಲ್ಲೇ ನಿಂತು ನೋಡ್ತಿದ್ದೆ," ಎಂದ.

ಶಿವಮೊಗ್ಗದ ಬಸ್ಸು ಬಂದು ನಿಂತಿತು. ಕಿಟಕಿ ಪಕ್ಕ ಎರಡು ಸೀಟು ಖಾಲಿ ಇದ್ದವು. ಕಂಡಕ್ಟರ್ "ಬೇಗ ಹತ್ತಿ ಮೇಡಂ" ಎಂದು ಕೂಗಿದ. ಅವಳ ಕಾಲುಗಳು ಸೋತಿದ್ದವು, ತಲೆ ಸಿಡಿಯುತ್ತಿತ್ತು. ಮುಂದಿನ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.

"ನೀವು ಹೋಗಿ," ಎಂದು ಶರಾವತಿ ಕಂಡಕ್ಟರ್‌ಗೆ ಕೈ ಮಾಡಿದಳು.